ಅಕ್ಕನ ದೊಡ್ಡ ಹೂಜಿ

ತಂಗಿ ಹೇಳಲು ಬಂದದ್ದು ಒಂದೇ ಮಾತು: ಸಂಜೆ ಹೊತ್ತು ಗ್ಯಾಲರಿಯಲ್ಲಿ ಕೂರುವುದು ತನ್ನಿಂದಾಗದು.

ಅಕ್ಕ ಮತ್ತು ಅವಳ ಇಬ್ಬರು ಗೆಳೆಯರು ನಡೆಸುವ ಸೆರಾಮಿಕ್ಸ್ ಸ್ಟುಡಿಯೋ ಮನೆಯಿಂದ ಎರಡು ಬೀದಿ ಆಚೆಗಿತ್ತು. ಹಿಂದೆ ಮಣ್ಣು ಸುಡುವ ಆವಿಗೆ, ನಡುವೆ ಮಡಕೆ ತಿರುಗಿಸುವ ತಿಗರಿ, ಮುಂದೆ ಬೀದಿಗೆ ಕಾಣುವ ಗಾಜಿನ ಗ್ಯಾಲರಿ. ಅದನ್ನು ನೋಡಿಕೊಳ್ಳುತ್ತಿದ್ದವಳು ಕೆಲಸ ಬಿಟ್ಟ ದಿನವೇ ಅಕ್ಕ, ನಮ್ಮ ತಂಗಿ ಇದ್ದಾಳಲ್ಲ ಎಂದುಬಿಟ್ಟಿದ್ದಳು. ತಂಗಿಯನ್ನು ಕೇಳಿರಲಿಲ್ಲ. ತಂಗಿಗೋ, ಅರ್ಧಕ್ಕೆ ನಿಂತ ಓದು ಮುಂದುವರಿಸಲು ಸಂಜೆ ಕಾಲೇಜಿನಲ್ಲಿ ಕೊನೆಗೂ ಸೀಟು ಸಿಕ್ಕಿತ್ತು. ನಾಳೆ ಮೊದಲ ತರಗತಿ.

ಅವಳು ಕಾಲಿಟ್ಟಾಗ ಅಕ್ಕ ದೊಡ್ಡ ಹೂಜಿಯ ಎರಡು ಭಾಗಗಳನ್ನು ಕೂಡಿಸುತ್ತಿದ್ದಳು. ಕೆಳಗಿನದರ ಅಂಚಿಗೆ ಗೀರು ಹಾಕಿ, ನೀರುಮಣ್ಣು ಬಳಿದು, ಮೇಲಿನದನ್ನು ಬೋರಲಾಗಿ ಕೂರಿಸಿದ್ದಳು.

"ಒಳ್ಳೇ ಹೊತ್ತಿಗೆ ಬಂದೆ ಕಣೆ. ಇಲ್ಲಿ ಎರಡೂ ಕೈ ಕೊಡು. ಒತ್ತಬೇಡ, ಬಿಡಲೂಬೇಡ. ಬಿಟ್ರೆ ಕುಸಿಯುತ್ತೆ."

ಕೊಟ್ಟಳು. ಇನ್ನು ಮೂಗು ತುರಿಸಿದರೂ ದೇವರೇ ಗತಿ. ಅಕ್ಕ ಕೈ ಒರೆಸಿಕೊಂಡು, ಬಂದವರಿಗೆಲ್ಲ ಗ್ಯಾಲರಿ ತೋರಿಸತೊಡಗಿದಳು, ಜೊತೆಗೆ ತಂಗಿಯನ್ನೂ. ನಾಳೆಯಿಂದ ಇಲ್ಲಿ ಇವಳೇ ಇರ್ತಾಳೆ ಎಂದು ಬಟ್ಟಲು ಆರಿಸುತ್ತಿದ್ದ ಮುದುಕಿಗೂ ಹೇಳಿದಳು, ಪಕ್ಕದ ಅಂಗಡಿಯ ದರ್ಜಿಗೂ ಹೇಳಿದಳು. ತಂಗಿ ಬಾಯಿ ತೆರೆದಾಗಲೆಲ್ಲ ದೂರದಿಂದಲೇ, ಮಾತಾಡಬೇಡ, ಅಲುಗಾಡುತ್ತೆ ಎನ್ನುವಳು. ಇವಳು ಹೂಜಿಯನ್ನು ಹಿಡಿದಿದ್ದಾಳೋ, ಹೂಜಿ ಇವಳನ್ನೋ ಎಂದು ದರ್ಜಿ ತಮಾಷೆ ಮಾಡಿ ಹೋದ. ಅಕ್ಕ ಹೋಗುತ್ತ ಬರುತ್ತ ತಂಗಿಯ ಹೆಗಲಚೀಲಕ್ಕೆ ಗ್ಯಾಲರಿಯ ಬೀಗದಕೈಯನ್ನೂ ಇಳಿಬಿಟ್ಟಳು.

ತೋಳು ಮರಗಟ್ಟಿತು. ಅಂಗೈಯಡಿಯ ತಂಪು ಮೆಲ್ಲಗೆ ಇಂಗಿತು. ನೀರು ಆರಿದಷ್ಟೂ ಮಣ್ಣು ಬಿಗಿಯುತ್ತದೆಂದು ಅವಳಿಗೆ ತಿಳಿಯದೇ? ಆದರೆ ಎಷ್ಟು ಬಿಗಿದರೆ ಸಾಕು ಎಂಬುದು ಅಕ್ಕನಿಗೇ ಗೊತ್ತು.

ಆವಿಗೆಯ ಕಡೆಯಿಂದ ಬಂದ ಗಡ್ಡದ ಗೆಳೆಯ ಬೆರಳಗಂಟಿನಿಂದ ಹೂಜಿಯನ್ನು ತಟ್ಟಿ ನೋಡಿದ. "ಇದು ಆಗಲೇ ಗಟ್ಟಿಯಾಗಿದೆಯಲ್ಲಮ್ಮ. ಇನ್ನೂ ಯಾಕೆ ಅಪ್ಪಿಕೊಂಡಿದ್ದೀರಿ?"

ಅವಳು ಅಕ್ಕನತ್ತ ತಿರುಗಿದಳು. ಅಕ್ಕ ಧೂಳೇ ಇಲ್ಲದ ಬಟ್ಟಲೊಂದನ್ನು ಒರೆಸುತ್ತಿದ್ದಳು.

"ಬಿಟ್ರೆ ಹೋಗ್ಬಿಡ್ತೀಯಲ್ಲ."

ತಂಗಿ ಕೈ ತೆಗೆದಳು. ಹೂಜಿ ನಿಂತೇ ಇತ್ತು. ಬೆರಳು ಮಡಚಿದಾಗ ಅಂಗೈಯ ಒಣಮಣ್ಣು ಬಿರಿಯಿತು.

"ನಾಳೆ ನನಗೆ ಕ್ಲಾಸಿದೆ ಅಕ್ಕ. ಬರಲ್ಲ."

"ನಾಳೆ ಒಂದಿನ ಬಾರೇ. ಆಮೇಲೆ ನೋಡೋಣ."

ಆ ಒಂದು ದಿನದ ಬಾಲ ಎಷ್ಟುದ್ದವೆಂದು ಅವಳು ಬಲ್ಲಳು. ಆವಿಗೆ ಕಟ್ಟಿಸುವಾಗ ಓದು ನಿಂತದ್ದೂ ಅಂಥದೇ ಒಂದು ದಿನದಿಂದ. ಬೀಗದಕೈಯನ್ನು ತಿಗರಿಯ ಮೇಲಿಟ್ಟಳು. ಅಕ್ಕ ಅದನ್ನು ಮುಟ್ಟಲಿಲ್ಲ.

ಬೀದಿಗಿಳಿದ ಮೇಲೆ ಕೈ ತೊಳೆದಿಲ್ಲವೆಂದು ನೆನಪಾಯಿತು. ನಲ್ಲಿ ಇದ್ದದ್ದು ಒಳಗೆ, ಅಕ್ಕನ ಪಕ್ಕದಲ್ಲಿ. ಅವಳು ಮಣ್ಣುಗೈಯಲ್ಲೇ ಮನೆಯ ಕಡೆ ನಡೆದಳು.