ಬಾವಲಿಗೆ ಕಟ್ಟಿದ ಮನೆ

"ಬಾವಲಿಗೆ ಹೊಸ್ತಿಲು ಯಾಕೋ ಬೋಳಿಮಗನೆ? ಅದೇನು ನಡ್ಕೊಂಡು ಬರುತ್ತಾ?"

ಇಂಜಿನಿಯರು ಬೈದದ್ದು ನನ್ನ ಗಂಡನನ್ನು. ಗಂಡನ ಕೈಯಲ್ಲಿ ಇನ್ನೂ ಕರಣೆ ಇತ್ತು. ಮೂವತ್ತು ವರ್ಷ ಮನೆ ಕಟ್ಟಿದ ಕೈ. ಬಾಗಿಲು ಕಂಡ ಕಡೆ ತಾನೇ ಹೊಸ್ತಿಲು ಇಟ್ಟುಬಿಟ್ಟಿತ್ತು. ಗಾರೆ ಕಲಸಿ ಕೊಟ್ಟ ನನಗೂ ಹೊಳೆದಿರಲಿಲ್ಲ. ಇಂಜಿನಿಯರನ ದನಿ ಎಂಥದ್ದೆಂದರೆ, ಅವನು ಕಚೇರಿಯಲ್ಲಿ ಕೂತು ನೀರು ಕೇಳಿದರೆ ನಮ್ಮ ಲೈನ್ ಮನೆಗಳಲ್ಲಿ ಮಲಗಿದ ಮಕ್ಕಳು ಎದ್ದು ಕೂರುತ್ತಿದ್ದವು. ಬೆನ್ನ ಹಿಂದೆ ನಾವು ಅವನನ್ನು ಗುಡುಗು ಎಂದೇ ಕರೆಯುತ್ತಿದ್ದೆವು. ನಾಳೆಯೊಳಗೆ ಅದನ್ನು ಒಡೆದು ಹಾಕು ಎಂದು ಹೇಳಿ ಗುಡುಗು ಹೊರಟುಹೋದ. ಗಂಡ ಒಡೆಯಲಿಲ್ಲ.

ವಿಷಯ ಇಷ್ಟು. ನಮ್ಮ ಅಣೆಕಟ್ಟಿಗೆ ವಯಸ್ಸಾಯಿತು. ಹೊಟ್ಟೆ ತುಂಬ ಹೂಳು, ಮೈತುಂಬ ಬಿರುಕು, ಕರೆಂಟು ಮಾತ್ರ ಹೆಸರಿಗಷ್ಟೆ. ಅದನ್ನು ಒಡೆದು ಹೊಳೆಯನ್ನು ಅದರ ಪಾಡಿಗೆ ಬಿಡುವುದೆಂದು ಮೇಲಿನವರು ತೀರ್ಮಾನಿಸಿದರು. ಒಡೆದರೆ ಪರಿಸರಕ್ಕೆ ಏನಾಗುತ್ತದೆಂದು ನಾನೂರು ಪುಟದ ವರದಿ ಬಂತು. ಯಾರು ಬೇಕಾದರೂ ಓದಲಿ ಎಂದು ಅದನ್ನು ಕಚೇರಿಯ ಜಗಲಿಯಲ್ಲಿ ದಾರ ಕಟ್ಟಿ ಇಟ್ಟಿದ್ದರು. ನಮ್ಮಲ್ಲಿ ಓದು ಬರುವವಳು ನನ್ನ ಸೊಸೆ. ಮೂರು ವಾರದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಓದಿದಳು, ನಾವು ಸುತ್ತ ಕೂತು ಕೇಳಿದೆವು.

ವಿದ್ಯುದಾಗಾರದ ಹಳೆಯ ಸುರಂಗದಲ್ಲಿ ಬಾವಲಿಗಳಿವೆ. ಅವುಗಳಿಗೇ ಹನ್ನೊಂದು ಪುಟ. ಬದಲಿ ಮನೆ ಕಟ್ಟಿಕೊಡದೆ ಸುರಂಗವನ್ನು ಮುಟ್ಟುವಂತಿಲ್ಲ. ಮನೆ ಕಲ್ಲಿನದೇ ಆಗಬೇಕು, ಒಳಗೆ ಬೆಚ್ಚಗಿರಬೇಕು. ಬಾವಲಿಗಳು ಬಂದು ಸೇರಿಕೊಂಡ ಮೇಲೆ ಯಾರೂ ಎಬ್ಬಿಸಬಾರದು, ಹತ್ತಿರ ಯಂತ್ರ ತರಬಾರದು, ಗಟ್ಟಿಯಾಗಿ ಮಾತಾಡಬಾರದು. ಕೇಳುತ್ತ ಕೇಳುತ್ತ ನಮಗೆಲ್ಲ ಬಾವಲಿಯ ಮೇಲೆ ಹೊಟ್ಟೆಕಿಚ್ಚು ಹತ್ತಿಕೊಂಡಿತು.

ಆಮೇಲೆ ಸೊಸೆ ನಕ್ಷೆ ತೆಗೆದಳು. ಅಣೆಕಟ್ಟಿನ ಬುಡದಲ್ಲಿರುವ ನಮ್ಮ ಹದಿನಾಲ್ಕು ಮನೆ ಅಲ್ಲಿ ಒಂದು ಉದ್ದ ಗೆರೆ. ಪಕ್ಕದಲ್ಲಿ ಬರೆದಿತ್ತು: ಖಾಲಿ ಶೆಡ್ಡುಗಳು, ಮೊದಲು ತೆಗೆಯತಕ್ಕದ್ದು. ಬಾವಲಿ ಎಣಿಸಲು ಬಂದವರು ಮುಸ್ಸಂಜೆಗೆ ಬಂದು, ಅವು ಹೊರಬೀಳುವವರೆಗೆ ಕುರ್ಚಿ ಹಾಕಿಕೊಂಡು ಕಾದಿದ್ದರು. ನಮ್ಮ ಮನೆ ನೋಡಲು ಬಂದವರು ನಡುಮಧ್ಯಾಹ್ನ ಬಂದರು. ನಾವೆಲ್ಲ ಕೆಲಸಕ್ಕೆ ಹೋಗಿದ್ದೆವು, ಬಾಗಿಲು ಹಾಕಿತ್ತು. ಖಾಲಿ ಎಂದು ಬರೆದುಕೊಂಡು ಹೋದರು. ಖಾಲಿ ಮನೆಗೆ ಬದಲಿ ಮನೆ ಕೊಡುವವರು ಯಾರು? ಸೋಮವಾರ ಬೆಳಿಗ್ಗೆ ಕೆಡವುವ ಯಂತ್ರ ಬರುವುದಿತ್ತು.

ಶುಕ್ರವಾರ ಅಹವಾಲು ಸಭೆ. ಕುರ್ಚಿ ಹೊತ್ತು ಹಾಕಿದವರು ನಾವು; ಹಾಕಿ ಮುಗಿಸಿದ ಮೇಲೆ ಗೋಡೆಗೆ ಒರಗಿ ನಿಂತವರೂ ನಾವೇ. ಮೀನಿನ ಪರವಾಗಿ ಒಬ್ಬರು ಮಾತಾಡಿದರು. ಬಾವಲಿ ಪಂಡಿತರು ಚಿತ್ರ ತೋರಿಸಿ, ಅವು ಮರಿಗಳನ್ನು ಹೇಗೆ ಎದೆಗಪ್ಪಿಕೊಂಡು ಹಾರುತ್ತವೆ ಎಂದು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನುಷ್ಯ ಚೆನ್ನಾಗಿ ಮಾತಾಡಿದ್ದರು.

ಆಗ ನನ್ನ ಅತ್ತೆ ಮೈಕಿನ ಹತ್ತಿರ ಹೋದರು. ನಮ್ಮ ಮನೆಗಳು ಖಾಲಿ ಇಲ್ಲ, ನಾವು ಅಲ್ಲೇ ಇದ್ದೇವೆ ಎಂದರು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. ಇದು ಪರಿಸರದ ಸಭೆ, ಮನೆಯ ವಿಷಯ ಬೇರೆ ಇಲಾಖೆಯದು, ಮೇಲಾಗಿ ನೀವು ಒಂದು ದಿನವೂ ಬಾಡಿಗೆ ಕಟ್ಟಿದವರಲ್ಲ ಎಂದು ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು.

"ಬಾವಲಿಗಳು ಬಾಡಿಗೆ ಕಟ್ತಿದ್ವಾ ಸ್ವಾಮಿ?" ಎಂದರು ಅತ್ತೆ.

ಸಭೆ ನಕ್ಕಿತು, ಅಧ್ಯಕ್ಷರೂ ನಕ್ಕರು. ಬಾವಲಿಗಳು ನಲವತ್ತು ವರ್ಷದಿಂದ ಅಲ್ಲೇ ನೆಲೆಸಿವೆ, ಏಕಾಏಕಿ ಹೊರಡಿಸುವುದು ತಪ್ಪಾಗುತ್ತದೆ ಎಂದರು.

"ಆ ಸುರಂಗಕ್ಕೆ ಕಲ್ಲು ಹೊತ್ತೋಳು ನಾನು. ನನ್ನ ಗಂಡ ಅದರೊಳಗೇ ಮಣ್ಣು ಕುಸಿದು ಸತ್ತಿದ್ದು. ಬಾವಲಿ ಬಂದಿದ್ದು ಆಮೇಲೆ."

ಗುಡುಗು ಎದ್ದು ಬಂದು ಮೈಕು ಕಿತ್ತುಕೊಂಡ. "ಹೋಗೇ ಮುದುಕಿ, ಹೋಗಿ ಲೋಟ ತೊಳಿ" ಎಂದ. ಮೈಕು ಕೈಯಲ್ಲೇ ಇದ್ದುದರಿಂದ ಇಡೀ ಸಭೆಗೆ ಕೇಳಿಸಿತು.

ಅತ್ತೆ ಹೋಗಿ ಲೋಟ ತೊಳೆದರು. ನಾನೂ ಜೊತೆಗೆ ಕೂತೆ. ಎರಡು ಗಾಜಿನ ಲೋಟ ಒಡೆದವು. ಒಂದು ಕೈ ಜಾರಿ, ಇನ್ನೊಂದು ನನ್ನ ಸಂತೋಷಕ್ಕೆ. ಅತ್ತೆ ಮಾತ್ರ ಶಾಂತವಾಗಿದ್ದರು. ಕೊನೆಯ ಲೋಟ ಕವುಚಿಟ್ಟು, "ಆ ಹೊಸ ಮನೆಗೆ ಇನ್ನೂ ಯಾರೂ ಬಂದಿಲ್ಲ ಅಲ್ವೇನೇ?" ಎಂದು ಕೇಳಿದರು.

ಭಾನುವಾರ ಸಂಜೆ ನಾವು ಕಟ್ಟಿದ ಆ ಬಾವಲಿ ಮನೆಗೇ ಹೋದೆವು. ಎರಡು ಕೋಣೆಯಷ್ಟು ಜಾಗ, ಐವತ್ಮೂರು ಜನ, ಪಾತ್ರೆ, ಚಾಪೆ, ಒಂದು ಹೊಲಿಗೆ ಯಂತ್ರ. ತಲೆಕೆಳಗಾಗಿ ನೇತಾಡಲು ನಮಗೆ ಬಂದಿದ್ದರೆ ಎಲ್ಲರೂ ಆರಾಮಾಗಿ ಹಿಡಿಸುತ್ತಿದ್ದೆವು. ಬೆಳಗಾಗಿ ನೋಡಿದರೆ ಮೇಲಿನ ಸಂದಿಯಿಂದ ಎರಡು ಬಾವಲಿ ಬಂದು ಮೂಲೆಯಲ್ಲಿ ಜೋತುಬಿದ್ದಿದ್ದವು. ಪಾಪ, ಅವಕ್ಕೂ ಅದೇ ಗತಿ. ಆ ಮೂಲೆಯ ತಂಟೆಗೆ ಯಾರೂ ಹೋಗಬಾರದೆಂದು ಅತ್ತೆ ತಾಕೀತು ಮಾಡಿದರು.

ಎಂಟು ಗಂಟೆಗೆ ಗುಡುಗು ಬಂದ. "ಹೊರಗೆ ಬರ್ರೋ ಸೂಳೆಮಕ್ಕಳಾ" ಎಂದು ಅವನು ಕೂಗಿದ್ದೇ ತಡ, ಹಿಂದೆಯೇ ಬಂದಿದ್ದ ಬಾವಲಿ ಪಂಡಿತರು ಓಡಿಬಂದು ಒಳಗೆ ಇಣುಕಿದರು. ಮೂಲೆ ನೋಡಿದರು. ಅವರ ಮುಖ ಅರಳಿತು. ತುಟಿಯ ಮೇಲೆ ಬೆರಳಿಟ್ಟು, ಸೇರಿಕೊಂಡಿವೆ, ದಯವಿಟ್ಟು ಕೂಗಬೇಡಿ ಎಂದು ಗುಡುಗಿಗೆ ಹೇಳಿದರು. ಗುಡುಗು ಬಾಗಿಲಲ್ಲಿ ಬಗ್ಗಿ, ಗುಟ್ಟು ಹೇಳುವವನಂತೆ ಪಿಸುಮಾತಿನಲ್ಲಿ ನಮ್ಮ ಅಪ್ಪ ಅಮ್ಮನನ್ನೆಲ್ಲ ಬೈದ. ನನ್ನ ಗಂಡ ಕಿವಿಗೆ ಕೈ ಇಟ್ಟು, "ಏನಂದ್ರಿ? ಕೇಳಿಸ್ಲಿಲ್ಲ" ಎಂದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಅಷ್ಟರಲ್ಲಿ ದೂರದಲ್ಲಿ ಯಂತ್ರ ನಮ್ಮ ಲೈನಿನ ಮೊದಲ ಗೋಡೆಗೆ ಕೈ ಹಾಕಿತು. ಗೋಡೆ ಬಿದ್ದ ಸದ್ದಿಗೆ ಕೂಸು ಎದ್ದು ಅತ್ತಿತು. ಬಿದ್ದದ್ದು ಯಾರ ಮನೆ ಎಂದು ಎಲ್ಲರಿಗೂ ಗೊತ್ತಿತ್ತು.

ಬಾವಲಿ ಪಂಡಿತರು ದಪ್ಪ ಪುಸ್ತಕ ಬಿಚ್ಚಿ, ಹೊತ್ತು, ತಾರೀಖು ಹಾಕಿ, ವಾಸವಿರುವವು ಎರಡು ಎಂದು ಬರೆದರು. ಪುಸ್ತಕ ಮುಚ್ಚುವುದಕ್ಕೆ ಮೊದಲು ಅತ್ತೆ ಎದ್ದು ಹೋಗಿ ಆ ಪುಟದ ಮೇಲೆ ಅಂಗೈ ಊರಿದರು.

"ಇನ್ನೂ ಮುಗಿದಿಲ್ಲ ಸ್ವಾಮಿ. ಇವತ್ತು ನಾವೆಲ್ಲ ಮನೇಲೇ ಇದೀವಿ. ಒಬ್ಬೊಬ್ಬರದೇ ಹೆಸರು ಹೇಳ್ತೀನಿ, ಬರ್ಕೊಳ್ಳಿ."