ಮಷೀನಿಗೆ ಕಸ ಕಲಿಸಿದ್ದು

"ಯಾವಳೇ ನಿಮ್ಗೆ ಕ್ಲೀನ್ ಮಾಡೋಕೆ ಹೇಳಿದ್ದು? ಮುಂಡೇರಾ, ಕಸ ಎಲ್ರೇ? ಮಿನಿಸ್ಟ್ರು ಬಂದು ನಿಮ್ಮ ಮುಖ ನೋಡ್ಬೇಕೇನ್ರೇ?"

ವಾರ್ಡಿನ ಹೆಲ್ತ್ ಇನ್‌ಸ್ಪೆಕ್ಟರ್ ಉಗ್ರಪ್ಪ ಹೀಗೆ ಕಿರುಚುವಾಗ ನಾವು ಎಂಟು ಜನ ಹೆಂಗಸರು ಹೊಸ ಹಸಿರು ಜಾಕೆಟ್ ಹಾಕಿಕೊಂಡು ಸಾಲಾಗಿ ನಿಂತಿದ್ದೆವು. ಕೆಂಗೇರಿಯ ಈ ಒಣಕಸದ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ಕಸ ಆರಿಸಿದವರು ನಾವೇ. ಈಗ ಸರ್ಕಾರವೂ ಒಂದು ಕಂಪನಿಯೂ ಕೈ ಜೋಡಿಸಿ ಇದಕ್ಕೆ 'ಹಸಿರು ಪಾಲುದಾರಿಕೆ' ಅಂತ ಬ್ಯಾನರ್ ಕಟ್ಟಿದ್ದವು. ಜಾಗ ಸರ್ಕಾರದ್ದು, ಮಷೀನು ಕಂಪನಿಯದು. ನಾವು ಯಾರ ಪಾಲು ಅನ್ನುವುದನ್ನು ಬ್ಯಾನರಿನಲ್ಲಿ ಬರೆದಿರಲಿಲ್ಲ. ಮಷೀನಿನ ಉದ್ಘಾಟನೆ ಫಂಕ್ಷನ್ ಚೆನ್ನಾಗಿ ನಡೆದರೆ ನಿಮ್ಮ ಕೆಲಸ ಉಳಿಯುತ್ತೆ ಅಂತ ಈ ಉಗ್ರಪ್ಪನೇ ಹೇಳಿದ್ದ.

ಆ ಮಾತು ನಂಬಿ ಯಶೋದಕ್ಕ ಎರಡು ದಿನ ನಮ್ಮನ್ನು ಕೂರಲು ಬಿಟ್ಟಿರಲಿಲ್ಲ. ನಮ್ಮಲ್ಲೆಲ್ಲ ಹಿರಿಯಳು ಅವಳು. "ದೊಡ್ಡೋರು ಬರ್ತಾವ್ರೆ ಕಣ್ರೇ, ಮನೆಗೆ ನೆಂಟ್ರು ಬಂದಂಗೆ" ಅಂದಳು. ಹಾಲಿನ ಕವರ್ ತೊಳೆದು ಒಣಗಿಸಿದೆವು. ಬಾಟಲಿ, ರಟ್ಟು, ಹಳೇ ಚಪ್ಪಲಿ ಎಲ್ಲ ಬೇರೆ ಬೇರೆ ಮಾಡಿ ಮೂಟೆ ಕಟ್ಟಿ ಗೋಡೆಗೆ ಒರಗಿಸಿದೆವು. ನೆಲ ಉಜ್ಜಿ, ಬಾಗಿಲಿಗೆ ರಂಗೋಲಿಯನ್ನೂ ಬಿಟ್ಟೆವು. ಥೂ, ನಮ್ಮ ಬುದ್ಧಿಗಿಷ್ಟು! ಕಸ ಬೇರೆ ಮಾಡುವ ಮಷೀನಿನ ಮುಂದೆ ಬೇರೆ ಮಾಡಿದ ಕಸ ಜೋಡಿಸಿಟ್ಟಿದ್ದೆವು.

"ನೀಟಾಗಿರ್ಲಿ ಅಂತ ಸಾರ್..." ಅಂದಳು ಯಶೋದಕ್ಕ.

"ನೀಟಾಗಿದ್ರೆ ಮಷೀನ್ ಏನೇ ಕಿಸಿಯುತ್ತೆ? ಬಿಚ್ರೇ ಮೂಟೆ! ಎಲ್ಲಾನೂ ಸುರಿದು ಕಲ್ಸಿ!"

ಕಂಪನಿಯ ಮ್ಯಾನೇಜರ್ ಅಭಿನವ್ ಚಿಕ್ಕ ವಯಸ್ಸಿನವನು, ಬಾಯಿ ಮಾತ್ರ ಬೆಣ್ಣೆ. "ಆಂಟಿ, ಪ್ಲೀಸ್, ಟ್ವೆಂಟಿ ಮಿನಿಟ್ಸ್ ಅಷ್ಟೇ ಇರೋದು. ಚೆನ್ನಾಗಿ ಮಿಕ್ಸ್ ಮಾಡಿ. ನ್ಯಾಚುರಲ್ ಆಗಿ ಕಾಣ್ಬೇಕು."

ನಾವು ಮೂಟೆಗೆ ಕೈ ಹಾಕಿದ್ದೇ ತಡ, ಉಗ್ರಪ್ಪ ಮತ್ತೆ ಕೂಗಿದ. "ಜಾಕೆಟ್ ತೆಗೀರೇ, ಲೌಡೀರಾ! ಗಲೀಜಾದ್ರೆ ಫೋಟೋಕ್ಕೆ ನಿಮ್ಮಪ್ಪ ತಂದ್ಕೊಡ್ತಾನಾ? ಗ್ಲೌಸೂ ತೆಗೀರಿ!"

ತೆಗೆದೆವು. ಬರಿಗೈಯಲ್ಲಿ ನಮ್ಮ ಎರಡು ದಿನದ ಕೆಲಸವನ್ನು ನಾವೇ ಹಾಳು ಮಾಡಿದೆವು. ಆದರೂ ಅವನಿಗೆ ಸಮಾಧಾನವಿಲ್ಲ, ಕಸ ಕಸದ ಹಾಗೆ ಕಾಣುತ್ತಿಲ್ಲವಂತೆ. ಹೊರಗೆ ನಿಂತಿದ್ದ ಕಸದ ಆಟೋದಿಂದ ಹೋಟೆಲಿನ ಹಸಿಕಸದ ಡ್ರಮ್ ತರಿಸಿ ಮೇಲೆ ಸುರಿಸಿದ. ತೊಳೆದ ಕವರುಗಳ ಮೇಲೆ ಸಾಂಬಾರು ಹರಿಯಿತು. ಯಶೋದಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ಅಳು ಬರಲಿಲ್ಲ, ಹೊಟ್ಟೆ ಉರಿಯಿತು. ಉರಿದು ಏನು ಮಾಡುವುದು? ಕೈ ತೊಳೆದು ಜಾಕೆಟ್ ಹಾಕಿಕೊಂಡು ಫೋಟೋಕ್ಕೆ ನಿಂತೆ.

ಮಂತ್ರಿಗಳು ಬಂದರು, ಗುಂಡಿ ಒತ್ತಿದರು, ಬೆಲ್ಟು ಓಡಿತು. "ನಮ್ಮ ಅಕ್ಕತಂಗಿಯರು ಇನ್ನು ಮುಂದೆ ಈ ಕಸ ಮುಟ್ಟಬೇಕಾಗಿಲ್ಲ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಆ ಮಾತಿನ ಅರ್ಥ ನಮಗೆ ತಿಳಿದದ್ದು ಮಾರನೇ ಬೆಳಗ್ಗೆ, ಸೆಕ್ಯೂರಿಟಿಯವನು ಗೇಟಿಗೆ ಅಡ್ಡ ನಿಂತು "ಲಿಸ್ಟಲ್ಲಿ ನಿಮ್ ಹೆಸ್ರಿಲ್ಲ, ನಡೀರಿ" ಅಂದಾಗ.

ಉಗ್ರಪ್ಪನಿಗೆ ಫೋನ್ ಮಾಡಿದೆವು. ಎತ್ತಲಿಲ್ಲ. ಆರು ಜನ ಮನೆಗೆಲಸ ಹುಡುಕಿಕೊಂಡು ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟುಗಳ ಕಡೆ ಹೋದರು. ನಾನು, ಯಶೋದಕ್ಕ ದಿನಾ ಬಂದು ಗೇಟಿನ ಹೊರಗೆ ಕೂತೆವು.

ನಾಲ್ಕನೇ ದಿನ ಅಭಿನವ್ ತಾನಾಗಿಯೇ ಹೊರಗೆ ಬಂದ. ಒಂದು ಟೇಬಲ್ಲು, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಒಂದು ಮೂಟೆ ಕವರು.

"ಆಂಟಿ, ಸಣ್ಣ ಹೆಲ್ಪ್. ಈ ಕವರ್‌ಗಳಲ್ಲಿ ಮಷೀನ್ ಕನ್‌ಫ್ಯೂಸ್ ಆಗ್ತಾ ಇದೆ. ನೀವು ಆರ್ಸೋದನ್ನ ವಿಡಿಯೋ ಮಾಡಿ ತೋರ್ಸಿದ್ರೆ ಅದು ಕಲಿಯುತ್ತೆ."

"ಒಳಗೆ ಕರ್ಕೋತೀಯೇನಪ್ಪಾ?" ಯಶೋದಕ್ಕ ಕೇಳಿದಳು.

"ನನ್ ಕೈಲಿಲ್ಲ ಆಂಟಿ. ಮೇಲ್ಗಡೆ ಕೇಳ್ತೀನಿ, ಪ್ರಾಮಿಸ್."

ಕೇಳುತ್ತೇನೆ ಅಂದದ್ದೇ ಸಾಕಾಯಿತು ಅವಳಿಗೆ, ಹೋಗಿ ಕೂತಳು. ಎಲ್ಲವೂ ಪಾರದರ್ಶಕ ಕವರುಗಳು, ಕಣ್ಣಿಗೆ ಒಂದೇ ಥರ, ಪ್ಲಾಸ್ಟಿಕ್ ಮಾತ್ರ ಎರಡು ಜಾತಿ. ನಾವು ಕಿವಿಯಲ್ಲಿ ಆರಿಸುತ್ತೇವೆ. ಹಿಸುಕಿದಾಗ ಗರಗರ ಅಂದರೆ ಬಲಕ್ಕೆ, ಸದ್ದಿಲ್ಲದೆ ಮೆತ್ತಗೆ ಮುದುಡಿದರೆ ಎಡಕ್ಕೆ. ಇದನ್ನು ನನಗೆ ಕಲಿಸಿದವಳೂ ಅವಳೇ.

ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದೆ. "ಯಶೋದಕ್ಕ, ಎಲ್ಲಾ ಉಲ್ಟಾ ಹಾಕು. ಕಲೀಲಿ ನನ್ಮಗಂದು ಮಷೀನು. ಹಾಳಾಗೋಗ್ಲಿ!"

ಅವಳು ನನ್ನ ಮುಖ ನೋಡಿದಳು, ಹೂಂ ಅಂತ ತಲೆಯಾಡಿಸಿದಳು. ಒಂದು ಕವರ್ ಎತ್ತಿ ಹಿಸುಕಿದಳು. ಗರಗರ ಅಂತು. ಕೈ ಎಡಕ್ಕೆ ಹೋಯಿತು, ಅಲ್ಲೇ ನಿಂತಿತು, ತಿರುಗಿ ಬಂದು ಬಲಕ್ಕೇ ಹಾಕಿತು. ಇನ್ನೊಂದು ಎತ್ತಿದಳು. ಅದೂ ಅದರ ಜಾಗಕ್ಕೇ ಬಿತ್ತು. ಮೂರನೆಯದೂ ಅಷ್ಟೇ.

"ಬರ್ತಿಲ್ಲ ಕಣೇ ರಂಜಿನಿ," ಅಂದಳು. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. "ಕೈ ಕೇಳ್ತಿಲ್ಲ."

"ಸೂಪರ್ ಆಂಟಿ," ಅಂದ ಅಭಿನವ್ ಕ್ಯಾಮೆರಾದ ಹಿಂದಿನಿಂದ. "ಸ್ವಲ್ಪ ನಿಧಾನ. ಕೈ ನೀಟಾಗಿ ಕಾಣ್ಬೇಕು."

ಯಶೋದಕ್ಕ ಮುಖ ಒರೆಸಿಕೊಂಡು ನಿಧಾನ ಮಾಡಿದಳು.