ಎಡಚಕ್ರದ ಸದ್ದು

ಪದ್ಮಾಕ್ಷಿ ಬರಿಗಾಲಲ್ಲಿ ಕಾರು ಓಡಿಸುತ್ತಿದ್ದಳು. ಚಪ್ಪಲಿಯನ್ನು ಹಿಂದಿನ ಸೀಟಿನ ಅಡಿಗೆ ತಳ್ಳಿ, ಸೀರೆಯ ನೆರಿಗೆಯನ್ನು ಮಂಡಿಗಳ ನಡುವೆ ಒತ್ತಿಕೊಂಡು, ಪಕ್ಕದ ಕೋಣೆಯಲ್ಲಿ ಯಾರೋ ತನ್ನ ಬಗ್ಗೆಯೇ ಪಿಸುಗುಟ್ಟುತ್ತಿದ್ದಾರೆಂಬಂತೆ ತಲೆಯನ್ನು ತುಸು ಎಡಕ್ಕೆ ವಾಲಿಸಿ ಆಲಿಸುತ್ತ ಹೊರಡುವ ಆ ಭಂಗಿ, ಸಾಲಿಗ್ರಾಮದಿಂದ ಬೈಂದೂರಿನವರೆಗೆ ಹೆದ್ದಾರಿಯಲ್ಲಿ ಓಡಾಡುವ ಬಸ್ ಡ್ರೈವರುಗಳಿಗೂ ಪರಿಚಿತ. ಎಷ್ಟು ಹಾರ್ನ್ ಹೊಡೆದರೂ ವೇಗ ಹೆಚ್ಚಿಸದ ಆ ಬಿಳಿ ಕಾರನ್ನು ಶಪಿಸಿಯೇ ಅವರು ಮುಂದೆ ಹೋಗುತ್ತಿದ್ದರು. ಕಾರಿನೊಳಗೆ ಹಾಡಿಲ್ಲ, ಹರಟೆಯಿಲ್ಲ. ಬೈಂದೂರಿನ ಖಾಸಗಿ ಕಾಲೇಜೊಂದರ ಗ್ರಂಥಪಾಲಕಿಗೆ ನಿಶ್ಶಬ್ದ ವೃತ್ತಿಸಹಜವಿರಬೇಕೆಂದು, ದಿನವೂ ಜತೆಗೆ ಬರುತ್ತಿದ್ದ ಉಪನ್ಯಾಸಕಿ ಸ್ನೇಹಲತಾ ತಿಳಿದಿದ್ದಳು. ನಿಜ ಬೇರೆ. ಪದ್ಮಾಕ್ಷಿಗೆ ಭಯ.

ಅದು ನಿಷ್ಕಾರಣವಾದ, ಹುಟ್ಟಿನಿಂದಲೇ ಬಂದ ಭಯ. ಗ್ಯಾಸ್ ಒಲೆ ಆರಿಸಿ ಹೊರಟವಳು ಗೇಟಿನಿಂದ ಮರಳಿ ಬಂದು ಮತ್ತೊಮ್ಮೆ ಮುಟ್ಟಿ ನೋಡುವಳು. ಸೀನಿದ ಮಗುವಿನ ಹಣೆ ಮುಟ್ಟುವಳು. ಮದುವೆಮನೆಯಲ್ಲಿ ತೂಗುವ ದೀಪದ ಕೆಳಗೆ ಕುರ್ಚಿ ಹಾಕಿದರೆ ಎದ್ದು ಬೇರೆಡೆ ಕೂರುವಳು. "ಎಂತದೋ ಇತ್ತ್" ಎನ್ನುವುದು ಅವಳ ಮಾತಿನ ಪಲ್ಲವಿ. ಏನಿದೆ ಎಂದು ಕೇಳಿದರೆ ಉತ್ತರವಿರುತ್ತಿರಲಿಲ್ಲ. ಅದರಿಂದಲೇ ಮನೆಯವರಿಗೆ ನಗು.

ಆ ಕಾರಿಗೂ ವಯಸ್ಸಾಗಿತ್ತು. ಆಕ್ಸಿಲರೇಟರಿನಿಂದ ಕಾಲೆತ್ತಿ ಮತ್ತೆ ಒತ್ತಿದರೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಕ್ಷಣಮಾತ್ರ ಯಾವ ಸಂಬಂಧವೂ ಇಲ್ಲವೆಂಬಂಥ ಒಂದು ಸಡಿಲು, ಅದರ ಬೆನ್ನಿಗೇ 'ಡಕ್' ಎಂಬ ಗುದ್ದು. ಕೋಟೇಶ್ವರದ ಗ್ಯಾರೇಜಿನ ಸುಧಾಕರ ಒಳ್ಳೆಯ ಕೆಲಸಗಾರ, ಆದರೆ ಸದಾ ಅವಸರದವನು. ಜಜ್ಜಿಹೋಗಿದ್ದ ಎಂಜಿನ್ ಮೌಂಟಿಂಗಿನ ರಬ್ಬರನ್ನೂ ಎಡಗಡೆಯ ಸವೆದ ಆ್ಯಕ್ಸಲನ್ನೂ ಬದಲಿಸಿ, ಕ್ಲಚ್ಚನ್ನು ಹದಗೊಳಿಸಿ ಕೊಟ್ಟ. ಕಾರಿಗೆ ಹೊಸ ಹರೆಯ ಬಂತು. ನಿಂತಲ್ಲಿಂದ ಜಾರಿದಂತೆ ಹೊರಟಿತು. "ಈಗ ಬೆಣ್ಣಿ ಕಣೆಗೆ ಹೋತ್ತಲೆ!" ಎಂದು ಬೆಣ್ಣೆಯಂತೆ ಸಾಗುವ ಕಾರಿಗೆ ಸ್ನೇಹಲತಾ ಹಿಗ್ಗಿದಳು. ಪದ್ಮಾಕ್ಷಿಯೂ ಕೆಲದಿನ ನಕ್ಕಳು.

ಆಮೇಲೊಂದು ಬೆಳಿಗ್ಗೆ, ಮರವಂತೆಯಲ್ಲಿ ಕಡಲನ್ನು ಎಡಕ್ಕಿಟ್ಟುಕೊಂಡು ಹೋಗುತ್ತಿರುವಾಗ, ಅಂಗಾಲಿಗೆ ಏನೋ ತಾಗಿತು. ಸದ್ದೂ ಅಲ್ಲ, ಬಾಗಿಲಾಚೆ ಯಾರೋ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಂತೆ, ಒಂದೇ ಸಲ. ಮೊದಲಿನ ಗುದ್ದಿನಲ್ಲಿ ಹಳತನದ ನರಳಿಕೆಯಿತ್ತು. ಇದರಲ್ಲಿ ಒಂದು ಗುಟ್ಟಿತ್ತು. ಅವಳು ಕಾರಿನ ವೇಗ ತಗ್ಗಿಸಿದಳು.

"ಕೇಂಡ್ತಾ?" ಎಂದು ಕೇಳಿದಳು.

"ಎಂತದ್? ನಂಗೆ ಎಂತದೂ ಕೇಣ್ಲಿಲ್ಲೆ" ಎಂದಳು ಸ್ನೇಹಲತಾ.

ಮರುದಿನದಿಂದ ಪದ್ಮಾಕ್ಷಿ ಬಸ್ಸು ಹಿಡಿದಳು. ಸ್ನೇಹಲತಾಳಿಗೆ ಒಳಗೊಳಗೇ ಬೇಸರ. ಫೋನಿನಲ್ಲಿ ಸುಧಾಕರ, "ಹೊಸ ಸಾಮಾನಲ್ದಾ ಅಕ್ಕಾ, ಕೂಡ್ಕಣುಕೆ ಒಂಚೂರ್ ಟೈಮ್ ಬೇಕ್" ಎಂದ. ಗಂಡ ಶೈಲೇಶ ತಾನೇ ಓಡಿಸಿ ನೋಡಿ ಏನೂ ಇಲ್ಲವೆಂದು ತೀರ್ಪಿತ್ತ. ಆ ಭಾನುವಾರ ತಾಯಿ ಪ್ರಭಾವತಿಯನ್ನು ಅದೇ ಕಾರಿನಲ್ಲಿ ಬೈಂದೂರಿನ ನೆಂಟರಲ್ಲಿಗೆ ಕರೆದೊಯ್ಯಲು ಹೊರಟ.

ಯಾವ ಮಾತಿಗೂ ಎದುರಾಡದ ಪದ್ಮಾಕ್ಷಿ ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿದು ಅಂಗಳದಲ್ಲಿ ನಿಂತಳು. ಅತ್ತೆ ಆಗಲೇ ಮುಂದಿನ ಸೀಟಿನಲ್ಲಿ ಕೂತಾಗಿತ್ತು.

"ಹ್ವಾಯ್, ದಮ್ಮಯ್ಯ, ಇವತ್ತ್ ಬ್ಯಾಡ."

"ಎಂತಕೆ ಅಂದೇಳಿ ಹೇಳ್ ಕಾಂಬ."

"ಅದ್ ಗೊತ್ತಿಲ್ಲೆ. ಹೆದ್ರಿಕಿ ಆತ್ತ್."

ಮುಷ್ಟಿ ಬಿಡಿಸಲು ಕೈ ಹಿಡಿದ ಶೈಲೇಶ, ಆ ಕೈ ಮಂಜಿನಂತೆ ತಣ್ಣಗಿರುವುದನ್ನು ಕಂಡು ಬಿಟ್ಟುಬಿಟ್ಟ. ಸಿಟ್ಟಿನಿಂದಲೇ ಸುಧಾಕರನಿಗೆ ಫೋನ್ ಮಾಡಿದ: "ಒಂದ್ಸಲ ಬಂದ್ ಹೋಗ್ ಮಾರಾಯ, ಇವಳ್ ಮರ್ಲ್ ಬಿಡ್ಸ್."

ಸುಧಾಕರ ಸ್ಕೂಟರಿನಲ್ಲಿ ಬಂದ. ನಗುತ್ತಲೇ ಜಾಕ್ ಏರಿಸಿ ಎಡಚಕ್ರವನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿದ. ಚಕ್ರ ಅಲುಗಿತು. ಅವನ ನಗು ನಿಂತಿತು. ನಡುವಿನ ಮುಚ್ಚಳ ಕಿತ್ತು, ಆ್ಯಕ್ಸಲಿನ ತುದಿಯಲ್ಲಿ ಚಕ್ರವನ್ನು ಬಿಗಿದಿಡುವ ದೊಡ್ಡ ನಟ್ಟಿಗೆ ಬೆರಳು ಹಾಕಿದ. ಸ್ಪ್ಯಾನರಿಗೆ ಆಳೆತ್ತರದ ಪೈಪು ಸಿಕ್ಕಿಸಿ ಮೈಭಾರ ಹಾಕಿದರೂ ಮಿಸುಕಬಾರದ ಆ ನಟ್ಟು, ಡಬ್ಬಿಯ ಮುಚ್ಚಳದಂತೆ ಬೆರಳಿನಲ್ಲೇ ತಿರುಗಿತು. ಬಿಗಿದ ಮೇಲೆ ಅದು ಬಿಚ್ಚಿಕೊಳ್ಳದಂತೆ ಅಂಚನ್ನು ಉಳಿಯಿಂದ ಆ್ಯಕ್ಸಲಿನ ಸೀಳಿನೊಳಕ್ಕೆ ಹೊಡೆದು ಕೂರಿಸಬೇಕು. ಅವಸರದಲ್ಲಿ ಅವನು ಮರೆತಿದ್ದ.

"ಹೋಯಿದ್ರೆ ಎಂತ ಆತಿತ್ತ್?" ಎಂದು ಶೈಲೇಶ ಕೇಳಿದ. ಸುಧಾಕರ ಮುಖವೆತ್ತದೆ, "ಚಕ್ರ ಕಳ್ಚಿ ಹೋತಿತ್ತ್. ತಪ್ಪ್ ನಂದೇ" ಎಂದ. ಪ್ರಭಾವತಿ ಕಾರಿನಿಂದಿಳಿದು ಸೊಸೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಬೇರೆ ಯಾರಾದರೂ ಆಗ ಗೆದ್ದ ಮುಖ ಮಾಡುತ್ತಿದ್ದರು. ಪದ್ಮಾಕ್ಷಿಯ ಮುಖ ಇನ್ನಷ್ಟು ಬಿಳಿಚಿತು. "ಸುಧಾಕರಾ, ಆ ವಾರ ಮತ್ಯಾರ್ ಕಾರಿಗೆ ಆ್ಯಕ್ಸಲ್ ಹಾಕಿದ್ದೆ?"

ಅವನು ಯೋಚಿಸಿದ. ಕೊಕ್ಕರ್ಣೆಯ ಚಂದಯ್ಯನ ಕಾರು. ಫೋನ್ ಹಚ್ಚಿದರು, ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದರು. ಆಗಲೂ ಯಾರೂ ಎತ್ತಲಿಲ್ಲ. ಶೈಲೇಶನೇ ಬೈಕ್ ತೆಗೆದು ಸುಧಾಕರನನ್ನು ಕೂರಿಸಿಕೊಂಡು ಕೊಕ್ಕರ್ಣೆಗೆಂದು ಬ್ರಹ್ಮಾವರದ ದಾರಿ ಹಿಡಿದ. ಪದ್ಮಾಕ್ಷಿ ಜಗಲಿಯಲ್ಲಿ ಕೂತು, ಗೇಟಿನಾಚೆ ಹಾದ ಪ್ರತಿಯೊಂದು ವಾಹನದ ಸದ್ದಿಗೂ ಕಣ್ಣು ಮುಚ್ಚಿದಳು.

ಕೊನೆಗೆ ಫೋನ್ ಬಂತು. ಚಂದಯ್ಯ ತೋಟಕ್ಕೆ ಹೋಗಿದ್ದನಂತೆ, ಕಾರು ಮನೆಯ ಮುಂದೆಯೇ ಇದೆ. "ಅದ್ರ್ ನಟ್ ಸಮಾ ಇತ್ತ್, ಗಟ್ಟಿ ಕೂತಿತ್ತ್. ಸುಮ್ನೆ ಹೆದ್ರಿದ್ದ್" ಎಂದ ಶೈಲೇಶ. ಅವಳು ಫೋನ್ ಹಿಡಿದುಕೊಂಡೇ ಅತ್ತುಬಿಟ್ಟಳು.

ಸುಧಾಕರ ಹೊಸ ನಟ್ಟು ಹಾಕಿ, ಅವಳ ಕಣ್ಣೆದುರೇ ಅಂಚು ಹೊಡೆದು ಕೂರಿಸಿದ. ಸ್ನೇಹಲತಾ ಮತ್ತೆ ಪಕ್ಕದ ಸೀಟಿಗೆ ಬಂದಳು. ಕಾರು ಈಗ ಒಂದಿಷ್ಟೂ ಸಡಿಲವಿಲ್ಲದೆ ಕಾಲಿನ ಇಂಗಿತ ತಿಳಿದಂತೆ ಹೋಗುತ್ತದೆ; ಅವಳ ಭಯ ಮಾತ್ರ ಎಳ್ಳಷ್ಟೂ ಕಡಿಮೆಯಾಗಿಲ್ಲ. ಒಮ್ಮೆ ನಿಜವಾಗಿಬಿಟ್ಟ ಭಯ ಅಲ್ಲಿಗೇ ತೃಪ್ತವಾಗುವುದಿಲ್ಲವೆಂದು ಕಾಣುತ್ತದೆ.

ಇಂಥ ಭೀರುಗಳು ಎಲ್ಲ ಮನೆಗಳಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಶಂಕೆ ಸುಳ್ಳಾದ ದಿನಗಳನ್ನೆಲ್ಲ ನಾವು ನೆನಪಿಟ್ಟು ನಗುತ್ತೇವೆ. ಅದು ನಿಜವಾದ ದಿನ ಅವರು ನಮ್ಮನ್ನು ತಡೆದು ನಿಲ್ಲಿಸಿರುತ್ತಾರೆ, ಏನೂ ಸಂಭವಿಸಿರುವುದಿಲ್ಲ, ಸಂಭವಿಸದೆ ಉಳಿದದ್ದನ್ನು ನೆನಪಿಡುವ ಬಗೆ ನಮಗೆ ತಿಳಿಯದು. ಆ ನೆನಪನ್ನೂ ಅವರೊಬ್ಬರೇ ಹೊತ್ತು ನಡೆಯುತ್ತಾರೆ.